ಪರದೆಯ ಮೇಲಿನ ನಾಬ್, ಮೇಜಿನ ಮೇಲಿನ ನಾಬ್

ಹಾಸನದ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ:

"ಸರ್, ನಾನು ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನನ್ನ ಹತ್ತಿರ ಹಳೆಯ ರೋಲ್ಯಾಂಡ್ ಜೆವಿ-1080 ಮಾಡ್ಯೂಲ್ (ಕೀಲಿಗಳಿಲ್ಲದ ಸೌಂಡ್ ಡಬ್ಬಿ) ಇದೆ. ಅದರ ಸೌಂಡ್ ನನಗೆ ತುಂಬಾ ಇಷ್ಟ. ಆದರೆ ಹಾಡಿನ ಮಧ್ಯೆ ಅದರ ಪುಟ್ಟ ಪರದೆ ನೋಡಿಕೊಂಡು ಫಿಲ್ಟರ್ (ಸೌಂಡಿನ ಹೊಳಪು) ಬದಲಾಯಿಸೋದು ಆಗದ ಮಾತು. ಅದಕ್ಕೆ ಸೆಕೆಂಡ್ ಹ್ಯಾಂಡ್ ಬೆಹ್ರಿಂಗರ್ ಬಿಸಿಆರ್2000 ಅನ್ನುವ ನಾಬ್‌ಗಳ ಡಬ್ಬಿ ಕೊಂಡೆ. ಗೆಳೆಯನೊಬ್ಬ ಲ್ಯಾಪ್‌ಟಾಪ್‌ಗೆ ಅದನ್ನು ಸೆಟ್ ಮಾಡುವ ಎಡಿಟರ್ ಸಾಫ್ಟ್‌ವೇರ್ ಹಾಕಿಕೊಟ್ಟ. ಪರದೆ ಮೇಲೆ ಇಡೀ ಬಿಸಿಆರ್ ಕಾಣುತ್ತದೆ. ಅಲ್ಲಿ ಮೌಸ್ ಹಿಡಿದು ನಾಬ್ ತಿರುಗಿಸಿದರೆ ಜೆವಿ ಸೌಂಡ್ ಬದಲಾಗುತ್ತದೆ, ಆದರೆ ನಿಜವಾದ ನಾಬ್ ಸುತ್ತಲಿನ ದೀಪ ಅಲ್ಲಾಡುವುದೇ ಇಲ್ಲ. ಆಮೇಲೆ ನಿಜವಾದ ನಾಬ್ ಮುಟ್ಟಿದರೆ ಸೌಂಡ್ ಜಿಗಿಯುತ್ತದೆ. ಎರಡು ಸಂಜೆ ಕೂತು ಎಲ್ಲ ಸೆಟ್ ಮಾಡಿದ್ದೆ. ಲ್ಯಾಪ್‌ಟಾಪ್ ಬಿಟ್ಟು ಕಾರ್ಯಕ್ರಮಕ್ಕೆ ಹೋದರೆ ನಾನು ಮಾಡಿದ್ದು ಒಂದೂ ಇರಲಿಲ್ಲ, ಹಳೆಯ ಮಾಲೀಕರ ಸೆಟ್ಟಿಂಗೇ ಬಂತು. ಕೆಲವು ಸಲ ಎಡಿಟರ್‌ಗೆ ಡಬ್ಬಿಯೇ ಸಿಗುವುದಿಲ್ಲ. ಜಾಸ್ತಿ ಕೈ ಹಾಕಿದರೆ ಸತ್ತೇ ಹೋಗುತ್ತದೆ ಅಂತ ಒಬ್ಬರು ಹೆದರಿಸಿದ್ದಾರೆ. ಇದನ್ನು ಮಾರಿ ಹೊಸದು ಕೊಳ್ಳಲೇ?"

ಮಾರಬೇಡಿ. ನೀವು ಹೇಳಿದ್ದರಲ್ಲಿ ಡಬ್ಬಿ ಕೆಟ್ಟಿದೆ ಅನ್ನುವುದಕ್ಕೆ ಒಂದೂ ಲಕ್ಷಣ ಕಾಣುತ್ತಿಲ್ಲ. ದೀಪ ಅಲ್ಲಾಡದಿರುವುದು, ಸೌಂಡ್ ಜಿಗಿಯುವುದು, ಸೆಟ್ಟಿಂಗ್ ಮಾಯವಾಗುವುದು ಬೇರೆ ಬೇರೆ ತೊಂದರೆಗಳ ಹಾಗೆ ಕಾಣುತ್ತವೆ. ಮೂಲ ಒಂದೇ. ನಿಮ್ಮ ಸೆಟ್ಟಿಂಗ್‌ಗೆ ಒಂದಲ್ಲ, ಮೂರು ಪ್ರತಿಗಳಿವೆ. ಒಂದು ಲ್ಯಾಪ್‌ಟಾಪಿನ ಎಡಿಟರ್‌ನಲ್ಲಿದೆ. ಇನ್ನೊಂದು ಬಿಸಿಆರ್‌ನ ತಾತ್ಕಾಲಿಕ ಮೆಮೊರಿಯಲ್ಲಿದೆ. ಮೂರನೆಯದು ಅದರ ಕಾಯಂ ಮೆಮೊರಿಯಲ್ಲಿ, 32 ಪ್ರಿಸೆಟ್‌ಗಳ (ಉಳಿಸಿಟ್ಟ ಸೆಟ್ಟಿಂಗ್‌ಗಳ) ಸಾಲಿನಲ್ಲಿದೆ. ಈ ಮೂರೂ ತಾವಾಗಿಯೇ ಒಂದಾಗುವುದಿಲ್ಲ. ಪರದೆ ಮೇಲೆ ಬಿಸಿಆರ್‌ನ ಚಿತ್ರ ಅಷ್ಟು ಚೆನ್ನಾಗಿ ಕಾಣುವುದರಿಂದ ನಾವು ಡಬ್ಬಿಯನ್ನೇ ನೋಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ನಾವು ನೋಡುತ್ತಿರುವುದು ಮೊದಲನೇ ಪ್ರತಿಯನ್ನು ಮಾತ್ರ.

ಮೊದಲು ಆ ಹೆದರಿಕೆಯನ್ನು ಕಳೆಯೋಣ. ಎಡಿಟರ್ ಕಳಿಸುವುದು ಸಿಸೆಕ್ಸ್ ಸಂದೇಶ. ವಾದ್ಯಗಳು ಒಂದಕ್ಕೊಂದು ಮಾತಾಡುವ ಮಿಡಿಯಲ್ಲಿ ನೋಟು, ವಾಲ್ಯೂಮ್‌ಗೆಲ್ಲ ಎಲ್ಲ ಕಂಪನಿಗೂ ಒಂದೇ ಭಾಷೆ ಇದೆ. ಆಯಾ ಕಂಪನಿಯ ಸ್ವಂತ ಮಾತಿಗೆ ಇರುವುದು ಸಿಸೆಕ್ಸ್. ಬಿಸಿಆರ್ ವಿಷಯದಲ್ಲಿ ಆ ಸ್ವಂತ ಮಾತು ನಿಜಕ್ಕೂ ಓದಲು ಬರುವ ಪಠ್ಯವೇ. ಬಿಸಿಎಲ್ ಅಂತ ಅದಕ್ಕೊಂದು ಸಣ್ಣ ಭಾಷೆ ಇದೆ. ಪ್ರಿಸೆಟ್ ಶುರು, ಎನ್‌ಕೋಡರ್ (ನಾಬ್) 1, ಅದು 1ನೇ ಚಾನೆಲ್‌ನಲ್ಲಿ 74ನೇ ಕಂಟ್ರೋಲರ್ (ಇಂಥದ್ದನ್ನು ಬದಲಿಸು ಅನ್ನುವ ನಂಬರಿನ ಸಂದೇಶ) ಕಳಿಸಲಿ, ಬೆಲೆ (ಎಷ್ಟು ಅನ್ನುವ ಅಂಕಿ) 0ಯಿಂದ 127ರವರೆಗೆ, ಇಲ್ಲಿಗೆ ಮುಗಿಯಿತು — ಹೀಗೆ ಸಾಲು ಸಾಲಾಗಿ ಹೋಗುತ್ತದೆ. ಪ್ರತಿ ಸಾಲಿಗೂ ಒಂದು ನಂಬರ್ ಇರುತ್ತದೆ. ಸಾಲು ಬಂತು, ಸರಿ ಇದೆ ಅಥವಾ ತಪ್ಪಿದೆ ಅಂತ ಡಬ್ಬಿ ತಿರುಗಿ ಉತ್ತರ ಕೊಡುತ್ತದೆ. ತಪ್ಪು ಸಾಲು ಹೋದರೆ ತಪ್ಪು ಅಂತ ಹೇಳುತ್ತದೆ, ಅಷ್ಟೇ. ಪ್ರಿಸೆಟ್ ಬರೆದು ಡಬ್ಬಿ ಕೊಂದವರನ್ನು ನಾನು ಕಂಡಿಲ್ಲ.

ಹಾಗಾದರೆ ಡಬ್ಬಿ ಸತ್ತೇ ಹೋಗುತ್ತದೆ ಅನ್ನುವ ಮಾತು ಎಲ್ಲಿಂದ ಬಂತು? ಫರ್ಮ್‌ವೇರ್ ಅಪ್‌ಡೇಟ್‌ನಿಂದ. ಅದೂ ಸಿಸೆಕ್ಸ್ ದಾರಿಯಲ್ಲೇ ಹೋಗುತ್ತದೆ, ಆದರೆ ಅದು ಡಬ್ಬಿಯ ಮೂಲ ಪ್ರೋಗ್ರಾಮನ್ನೇ ಬದಲಿಸುತ್ತದೆ. ಅದು ನಡೆಯುವಾಗ ಕರೆಂಟ್ ಹೋದರೆ ನಿಜವಾಗಿಯೂ ತೊಂದರೆ. ನಿಮಗೆ ಈಗ ಫರ್ಮ್‌ವೇರ್ ಬದಲಿಸುವ ಅಗತ್ಯವೇ ಇಲ್ಲ, ಆ ಮೆನುವಿಗೆ ಹೋಗಬೇಡಿ. ಜಾತ್ರೆ, ಉತ್ಸವಗಳಲ್ಲಿ ಜನರೇಟರ್ ಮೇಲೆ ನುಡಿಸುವವರು ನೀವು. ಏರಿಳಿಯುವ ವೋಲ್ಟೇಜ್ ಈ ಡಬ್ಬಿಗೆ ನಿಮ್ಮ ಎಡಿಟರ್‌ಗಿಂತ ದೊಡ್ಡ ಶತ್ರು. ಆ ಭಯ ಇದ್ದರೆ ಒಂದು ಸ್ಟೆಬಿಲೈಸರ್ ಬಗ್ಗೆ ಯೋಚಿಸಿ.

ಈಗ ಮಾಯವಾದ ಸೆಟ್ಟಿಂಗ್. ಎಡಿಟರ್‌ನಲ್ಲಿ "ಕಳಿಸು" ಒತ್ತಿದಾಗ ಸೆಟ್ಟಿಂಗ್ ಬಿಸಿಆರ್‌ನ ತಾತ್ಕಾಲಿಕ ಮೆಮೊರಿಗೆ ಬರುತ್ತದೆ. ಆಗಲೇ ಎಲ್ಲ ಕೆಲಸ ಮಾಡುತ್ತದೆ. ನಾಬ್ ತಿರುಗಿಸಿದರೆ ಫಿಲ್ಟರ್ ತೆರೆದುಕೊಳ್ಳುತ್ತದೆ. ನೀವು ಖುಷಿಯಿಂದ ಸ್ವಿಚ್ ಆಫ್ ಮಾಡಿ ಮಲಗುತ್ತೀರಿ. ಕಾಯಂ ಮೆಮೊರಿಯಲ್ಲಿ ಇನ್ನೂ ಹಳೆಯ ಮಾಲೀಕರ ಪ್ರಿಸೆಟ್ಟೇ ಕೂತಿದೆ. ಆಫ್ ಮಾಡಿದರೂ, ಬೇರೆ ಪ್ರಿಸೆಟ್‌ಗೆ ಹೋಗಿ ಬಂದರೂ ತಾತ್ಕಾಲಿಕ ಪ್ರತಿ ಹೋಗಿಬಿಡುತ್ತದೆ. ಉಳಿಸಬೇಕಾದರೆ ಎಡಿಟರ್‌ನಲ್ಲಿ ಸ್ಟೋರ್ ಆಜ್ಞೆ ಸೇರಿಸಿ ಕಳಿಸಬೇಕು. ಇಲ್ಲವೇ ಡಬ್ಬಿಯ ಮೇಲೆಯೇ ಸ್ಟೋರ್ ಒತ್ತಿ, ಪ್ರಿಸೆಟ್ ಬಾಣದ ಬಟನ್‌ನಿಂದ ಜಾಗ ಆರಿಸಿ, ಮತ್ತೆ ಸ್ಟೋರ್ ಒತ್ತಬೇಕು. ನಾನು ಎರಡನೇ ದಾರಿ ಹಿಡಿಯುತ್ತೇನೆ. ಕೈಯಿಂದ ಒತ್ತಿದ್ದು ನೆನಪಿರುತ್ತದೆ.

ಆದರೆ ಸ್ಟೋರ್ ಒತ್ತುವ ಮೊದಲು ಒಂದು ಕೆಲಸ ಮಾಡಿ. ಡಬ್ಬಿಯಲ್ಲಿರುವ 32 ಪ್ರಿಸೆಟ್‌ಗಳನ್ನೂ ಲ್ಯಾಪ್‌ಟಾಪ್‌ಗೆ ಎಳೆದುಕೊಂಡು ಒಂದು ಫೈಲ್ ಮಾಡಿಡಿ. ವಿಂಡೋಸ್‌ನಲ್ಲಿ ಬಿಸಿಆರ್2000, ಅದರ ಫೇಡರ್ ಇರುವ ಜೋಡಿ ಬಿಸಿಎಫ್2000 ಎರಡಕ್ಕೂ ಸಿಗುವ "ಬಿಸಿ ಮ್ಯಾನೇಜರ್" ಅನ್ನುವ ಉಚಿತ ಪ್ರೋಗ್ರಾಂ ಈ ಕೆಲಸ ಮಾಡುತ್ತದೆ. ಹಳೆಯ ಮಾಲೀಕರು ಯಾವುದೋ ಸಿಂಥ್‌ಗೆ ತಿಂಗಳುಗಟ್ಟಲೆ ಕೂತು ಮಾಡಿದ ಪ್ರಿಸೆಟ್ ಅದರಲ್ಲಿರಬಹುದು. ಸುಮ್ನೆ ಅಳಿಸಿದರೆ ಮತ್ತೆ ಸಿಗುವುದಿಲ್ಲ.

ಇನ್ನು ದೀಪದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ತಪ್ಪಾಗಿ ಸರಿಪಡಿಸಲು ಹೋಗುವುದು ಇಲ್ಲೇ.

ಬಿಸಿಆರ್‌ನ ನಾಬ್‌ಗಳು ಹಳೆಯ ಆಂಪ್ಲಿಫೈಯರ್ ನಾಬ್‌ಗಳ ಹಾಗೆ ಒಂದು ಕಡೆ ನಿಲ್ಲುವುದಿಲ್ಲ. ಎಷ್ಟು ಬೇಕಾದರೂ ಸುತ್ತಬಹುದು. ಬೆಲೆ ಎಷ್ಟಿದೆ ಅನ್ನುವುದು ನಾಬ್‌ನ ಜಾಗದಲ್ಲಿ ಇಲ್ಲ, ಡಬ್ಬಿಯ ಮೆಮೊರಿಯಲ್ಲಿದೆ. ಸುತ್ತಲಿನ ದೀಪಗಳು ಆ ಮೆಮೊರಿಯನ್ನು ತೋರಿಸುತ್ತವೆ. ಈಗ ನೋಡಿ. ಡಬ್ಬಿಯ ಮೆಮೊರಿಯಲ್ಲಿ ಫಿಲ್ಟರ್ ಬೆಲೆ 30 ಇದೆ. ನೀವು ಪರದೆಯ ಮೇಲೆ ಮೌಸ್ ಹಿಡಿದು ಅದನ್ನು 100ಕ್ಕೆ ಒಯ್ದಿರಿ. ಎಡಿಟರ್ ಆ 100ನ್ನು ಜೆವಿಗೆ ಕಳಿಸಿತು. ಬಿಸಿಆರ್‌ಗೆ ಯಾರೂ ಹೇಳಲಿಲ್ಲ. ಅದರ ಲೆಕ್ಕದಲ್ಲಿ ಈಗಲೂ 30. ನೀವು ನಿಜವಾದ ನಾಬನ್ನು ಒಂದು ಹೆಜ್ಜೆ ಮುಂದೆ ತಿರುಗಿಸಿದಾಗ ಅದು 31 ಕಳಿಸುತ್ತದೆ. ಜೆವಿ 100ರಿಂದ 31ಕ್ಕೆ ಬೀಳುತ್ತದೆ. ನೀವು ಕೇಳಿದ ಜಿಗಿತ ಅದೇ.

ಬಿಸಿಆರ್ ತನಗೆ ಹೇಳಿದರೆ ಕೇಳುತ್ತದೆ. ಯಾವ ಸಂದೇಶವನ್ನು ಆ ನಾಬ್ ಕಳಿಸುತ್ತದೋ ಅದೇ ಸಂದೇಶ ಒಳಗೆ ಬಂದರೆ ತನ್ನ ಬೆಲೆಯನ್ನೂ ದೀಪವನ್ನೂ ಬದಲಿಸಿಕೊಳ್ಳುತ್ತದೆ. ಆದ್ದರಿಂದ ಎಡಿಟರ್ ಪ್ರತಿ ಬದಲಾವಣೆಯನ್ನೂ ಎರಡು ಕಡೆ ಕಳಿಸಬೇಕು. ನಿಮ್ಮ ಜೋಡಣೆಯಲ್ಲಿ ಎಡವಟ್ಟು ಆಗಿರುವುದು ಇಲ್ಲೇ ಅಂತ ನನ್ನ ಅಂದಾಜು. ಕೆಲವು ಯುಎಸ್‌ಬಿ ಮೋಡ್‌ಗಳಲ್ಲಿ ಬಿಸಿಆರ್ ಒಂದು ಸಣ್ಣ ಮಿಡಿ ಇಂಟರ್ಫೇಸ್ ಕೂಡ ಆಗಿರುತ್ತದೆ. ಆಗ ಲ್ಯಾಪ್‌ಟಾಪ್‌ಗೆ ಅದರ ಹೆಸರಲ್ಲಿ ಒಂದಕ್ಕಿಂತ ಜಾಸ್ತಿ ಪೋರ್ಟ್ ಕಾಣುತ್ತವೆ. ಒಂದು ಪೋರ್ಟ್‌ಗೆ ಹೋದದ್ದು ನಾಬ್‌ಗಳಿಗೆ ತಲುಪುತ್ತದೆ. ಇನ್ನೊಂದಕ್ಕೆ ಹೋದದ್ದು ನಾಬ್‌ಗಳನ್ನು ಮುಟ್ಟದೆ ಸೀದಾ ಹಿಂದಿನ ಮಿಡಿ ಔಟ್‌ನಿಂದ ಜೆವಿಗೆ ಹೋಗುತ್ತದೆ. ನಿಮ್ಮ ಎಡಿಟರ್ ಎರಡನೆಯದಕ್ಕೆ ಮಾತ್ರ ಕಳಿಸುತ್ತಿರಬೇಕು. ಸೆಟ್ಟಿಂಗ್‌ನಲ್ಲಿ ಮೊದಲನೇ ಪೋರ್ಟನ್ನೂ ಔಟ್‌ಪುಟ್ ಆಗಿ ಸೇರಿಸಿ.

ಇಲ್ಲಿ ಅಪಾಯವೂ ಇದೆ. ಬಂದದ್ದನ್ನೆಲ್ಲ ವಾಪಸ್ ಕಳಿಸುವ ಹಾಗೆ ಎರಡೂ ಕಡೆ ಥ್ರೂ ಆನ್ ಆಗಿದ್ದರೆ ಸಂದೇಶ ಸುತ್ತುತ್ತಲೇ ಇರುತ್ತದೆ. ಬಿಸಿಆರ್‌ನಿಂದ ಲ್ಯಾಪ್‌ಟಾಪ್‌ಗೆ, ಅಲ್ಲಿಂದ ಮತ್ತೆ ಬಿಸಿಆರ್‌ಗೆ. ನಾಬ್ ಒಂದು ಸಲ ಮುಟ್ಟಿದರೆ ದೀಪ ನಡುಗುತ್ತದೆ, ನೋಟು ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾದರೆ ಗಾಬರಿ ಬೇಡ. ಯುಎಸ್‌ಬಿ ಕೇಬಲ್ ಎಳೆದು, ಎಡಿಟರ್‌ನ ಥ್ರೂ ಆಫ್ ಮಾಡಿ.

"ಪಿಕಪ್ ಮೋಡ್ ಹಾಕಿ, ಜಿಗಿತ ಹೋಗುತ್ತದೆ" ಅಂತ ನಿಮಗೆ ಯಾರಾದರೂ ಹೇಳಿರಬಹುದು. ಪಿಕಪ್ ಅಂದರೆ ನಾಬ್ ಈಗಿನ ಬೆಲೆಯನ್ನು ಮುಟ್ಟುವವರೆಗೆ ಸೌಂಡ್ ಬದಲಾಗದಿರುವುದು. ಅದು ಒಂದು ಕಡೆ ನಿಲ್ಲುವ ನಾಬ್, ಫೇಡರ್‌ಗಳಿಗೆ (ಜಾರಿಸುವ ಗುಂಡಿಗಳಿಗೆ) ಇರುವ ಔಷಧ. ಕೊನೆಯಿಲ್ಲದೆ ಸುತ್ತುವ ನಾಬ್‌ಗೆ ಸರಿಯಾದ ಬೆಲೆಯನ್ನು ತಿಳಿಸುವುದೇ ದಾರಿ. ಹಾಗೆಯೇ "14 ಬಿಟ್‌ಗೆ (ಇನ್ನೂ ಸಣ್ಣ ಮೆಟ್ಟಿಲುಗಳಿಗೆ) ಹಾಕಿದರೆ ಫಿಲ್ಟರ್ ಜಾರುವುದು ನುಣುಪಾಗುತ್ತದೆ" ಅನ್ನುವುದೂ ನಿಮಗೆ ಅನ್ವಯಿಸುವುದಿಲ್ಲ. ಜೆವಿಯ ಕಟಾಫ್‌ಗೆ (ಫಿಲ್ಟರ್ ಎಷ್ಟು ತೆರೆದಿದೆ ಅನ್ನುವುದಕ್ಕೆ) ಇರುವುದೇ 0ಯಿಂದ 127, ಅಂದರೆ 128 ಮೆಟ್ಟಿಲು. ಕಳಿಸುವ ಕಡೆ 16,384 ಮೆಟ್ಟಿಲು ಮಾಡಿದರೂ ಅದು 128ನ್ನೇ ಏರುತ್ತದೆ. ಸ್ವರದ ವಿಷಯ ಬೇರೆ. ಎರಡು ಸೆಮಿಟೋನ್ ಮೇಲೆ, ಎರಡು ಕೆಳಗೆ ಅಂತ ಪಿಚ್ ಬೆಂಡ್ ಇಟ್ಟರೆ ಒಟ್ಟು 400 ಸೆಂಟ್ (ಒಂದು ಸೆಮಿಟೋನಿಗೆ 100 ಸೆಂಟ್). ಅದನ್ನು 128ಕ್ಕೆ ಹಂಚಿದರೆ ಒಂದು ಮೆಟ್ಟಿಲಿಗೆ 3 ಸೆಂಟ್‌ಗಿಂತ ಜಾಸ್ತಿ. ನಿಧಾನವಾದ ಜಾರಿನಲ್ಲಿ ಆ ಮೆಟ್ಟಿಲು ಸೂಕ್ಷ್ಮ ಕಿವಿಗೆ ಸಿಕ್ಕಿಬಿಡುತ್ತದೆ. ಪಿಚ್ ಬೆಂಡ್‌ಗೆ ಮಿಡಿಯಲ್ಲಿ ಮೊದಲಿನಿಂದಲೂ 14 ಬಿಟ್ ಕೊಟ್ಟಿರುವುದು ಇದಕ್ಕೇ.

ಎಡಿಟರ್‌ಗೆ ಡಬ್ಬಿ ಸಿಗದಿರುವುದಕ್ಕೆ ನಾನು ಜಾಸ್ತಿ ಕಂಡ ಕಾರಣ ತೀರಾ ಸರಳ. ವಿಂಡೋಸ್‌ನ ಬಹಳಷ್ಟು ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಒಂದು ಮಿಡಿ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಲ್ಲದು. ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದಿದ್ದರೆ ಎಡಿಟರ್‌ಗೆ ಪೋರ್ಟ್ ಸಿಗುವುದಿಲ್ಲ. ಅದನ್ನು ಮುಚ್ಚಿ, ಮೊದಲು ಎಡಿಟರ್ ತೆರೆಯಿರಿ. ಎರಡನೇ ಕಾರಣ, ಯುಎಸ್‌ಬಿ ಕಿಂಡಿ ಬದಲಿಸುವುದು. ಬೇರೆ ಕಿಂಡಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಡಬ್ಬಿ ಅಂದುಕೊಂಡು ಹೆಸರಿನ ಹಿಂದೆ 2 ಅಂತ ಸೇರಿಸುವುದುಂಟು. ಎಡಿಟರ್ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಒಂದು ಕಿಂಡಿಗೆ ಬಣ್ಣದ ಸ್ಟಿಕರ್ ಅಂಟಿಸಿ ಅದರಲ್ಲೇ ಹಾಕಿ.

ಮೂರನೆಯದು ಕೇಬಲ್. ನೀವು ಯಾವಾಗಲಾದರೂ ಯುಎಸ್‌ಬಿ ಬಿಟ್ಟು, ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಯುಎಸ್‌ಬಿ-ಮಿಡಿ ಕೇಬಲ್‌ನಿಂದ ಬಿಸಿಆರ್ ಜೋಡಿಸಿದ್ದರೆ ಇದನ್ನು ಗಮನಿಸಿ. ಇಂಥ ಕೇಬಲ್‌ಗಳಲ್ಲಿ ಕೆಲವು ನೋಟುಗಳನ್ನು ಚೆನ್ನಾಗಿ ಸಾಗಿಸುತ್ತವೆ, ಉದ್ದದ ಸಿಸೆಕ್ಸ್ ಬಂದಾಗ ಮಧ್ಯೆ ಬೈಟ್ ಕಳೆದುಬಿಡುತ್ತವೆ. ಜೊತೆಗೆ ಎರಡೂ ಕಡೆಯ ದಾರಿ ಬೇಕು. ಡಬ್ಬಿ ಸಾಲು ಸಾಲಿಗೂ ಉತ್ತರ ಕೊಡುತ್ತದೆ ಅಂದೆನಲ್ಲ, ಆ ಉತ್ತರ ಬರುವ ದಾರಿ ಇಲ್ಲದಿದ್ದರೆ ಎಡಿಟರ್ ಕಾದು ಕಾದು "ಸಿಗಲಿಲ್ಲ" ಅನ್ನುತ್ತದೆ. ಒಂದೇ ಕೇಬಲ್ ಚುಚ್ಚಿ ಅರ್ಧ ದಿನ ಕಳೆದವರನ್ನು ನಾನು ನೋಡಿದ್ದೇನೆ.

ಕೊನೆಯ ಕಾರಣ ಮೋಡ್. ಬಿಸಿಆರ್‌ನಲ್ಲಿ ಯು ಅಂತ ಶುರುವಾಗುವ ಮೋಡ್‌ಗಳು ಯುಎಸ್‌ಬಿಗೆ, ಎಸ್ ಅಂತ ಶುರುವಾಗುವವು ಕಂಪ್ಯೂಟರ್ ಇಲ್ಲದೆ ನಡೆಯುವುದಕ್ಕೆ. ಎಡಿಟ್ ಮತ್ತು ಸ್ಟೋರ್ ಎರಡನ್ನೂ ಒಟ್ಟಿಗೆ ಒತ್ತಿದರೆ ಗ್ಲೋಬಲ್ ಸೆಟಪ್ ಬರುತ್ತದೆ, ಮೇಲಿನ ಸಾಲಿನ ಮೊದಲ ನಾಬ್‌ನಿಂದ ಮೋಡ್ ಆರಿಸಬಹುದು. ಎಸ್ ಮೋಡ್‌ನಲ್ಲಿದ್ದರೆ ಯುಎಸ್‌ಬಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಕಾರ್ಯಕ್ರಮದ ದಿನ ಯು ಮೋಡ್‌ನಲ್ಲೇ ಬಿಟ್ಟು ಹೋದರೆ ಜೆವಿಗೆ ಏನೂ ತಲುಪದಿರಬಹುದು. ಹೊರಡುವ ಮುಂಚೆ ಎಸ್‌ಗೆ ಬದಲಿಸುವುದನ್ನು ರೂಢಿ ಮಾಡಿಕೊಳ್ಳಿ.

ಇಷ್ಟಾದ ಮೇಲೆ ನಿಮ್ಮ ನಿಜವಾದ ಆಸೆಗೆ ಬರೋಣ: ಸ್ಟೇಜ್ ಮೇಲೆ ಜೆವಿಯ ಫಿಲ್ಟರನ್ನು ಕೈಯಲ್ಲಿ ಹಿಡಿಯುವುದು. ಬಿಸಿಆರ್‌ನಲ್ಲಿ ಮೇಲಿನ 8 ನಾಬ್‌ಗಳಿಗೆ ತಲಾ 4 ಗುಂಪು, ಕೆಳಗೆ ಇನ್ನೂ 24. ಒಟ್ಟು 56 ನಾಬ್ ಕೆಲಸಗಳು. ಅಷ್ಟನ್ನೂ ತುಂಬಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅದಕ್ಕೆ ಸಿಸೆಕ್ಸ್ ಬೇಕಾಗುತ್ತದೆ, ಯಾಕೆಂದರೆ ಜೆವಿಯ ಒಳಗಿನ ಪ್ರತಿ ಪ್ಯಾರಾಮೀಟರ್‌ಗೂ ಒಂದು ಅಡ್ರೆಸ್ ಇದೆ, ಸಿಸೆಕ್ಸ್‌ನಿಂದ ಅದನ್ನು ನೇರ ಬದಲಿಸಬಹುದು. ಆದರೆ ರೋಲ್ಯಾಂಡ್ ಸಂದೇಶದ ಕೊನೆಗೆ ಒಂದು ಚೆಕ್‌ಸಮ್ (ಸಂದೇಶ ಸರಿಯಾಗಿದೆಯೇ ಅಂತ ತಾಳೆ ನೋಡುವ ಅಂಕಿ) ಕೇಳುತ್ತದೆ. ಅಡ್ರೆಸ್ ಮತ್ತು ಬೆಲೆಯ ಬೈಟ್‌ಗಳನ್ನೆಲ್ಲ ಕೂಡಿಸಿ, 128ರಿಂದ ಭಾಗಿಸಿ, ಉಳಿದದ್ದನ್ನು 128ರಿಂದ ಕಳೆಯಬೇಕು. ಮೊತ್ತ 200 ಬಂದರೆ ಉಳಿಕೆ 72, ಚೆಕ್‌ಸಮ್ 56. ನಾಬ್ ಒಂದು ಹೆಜ್ಜೆ ತಿರುಗಿದರೆ ಬೆಲೆ ಬದಲಾಗುತ್ತದೆ, ಚೆಕ್‌ಸಮ್ಮೂ ಬದಲಾಗಬೇಕು. ಇದು ತಪ್ಪಿದರೆ ಜೆವಿ ಸಂದೇಶವನ್ನು ಒಪ್ಪುವುದಿಲ್ಲ. ಎಷ್ಟೋ ಸಾಮಾನ್ಯ ಕಂಟ್ರೋಲರ್‌ಗಳಿಗೆ ಈ ಲೆಕ್ಕ ಬರುವುದಿಲ್ಲ. ಬಿಸಿಆರ್‌ಗೆ ಬರುತ್ತದೆ, ಬಿಸಿಎಲ್‌ನಲ್ಲಿ ಅದಕ್ಕೆ ಜಾಗವಿದೆ. ಇದನ್ನು ಮಾರಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ಸಣ್ಣ ಸುಳಿವು: ಜೆವಿಯ ಡಿವೈಸ್ ನಂಬರ್ ಪರದೆಯಲ್ಲಿ 17 ಅಂತ ಇದ್ದರೆ ಸಂದೇಶದಲ್ಲಿ 16 ಅಂತ ಬರೆಯಬೇಕು. ಅಲ್ಲಿ ಎಣಿಕೆ ಸೊನ್ನೆಯಿಂದ ಶುರು.

ಸಿಸೆಕ್ಸ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತಲೂ ಹೇಳಬೇಕು. ಐದು ಪಿನ್ನಿನ ಮಿಡಿ ಕೇಬಲ್ 1983ರಿಂದ ಇವತ್ತಿನವರೆಗೂ ಒಂದೇ ವೇಗದಲ್ಲಿ ಓಡುತ್ತಿದೆ, ಸೆಕೆಂಡಿಗೆ 31,250 ಬಿಟ್. ಪ್ರತಿ ಬೈಟ್‌ಗೆ 10 ಬಿಟ್ ಬೇಕು, ಅಂದರೆ ಸೆಕೆಂಡಿಗೆ 3,125 ಬೈಟ್. ಸಾಮಾನ್ಯ ಕಂಟ್ರೋಲರ್ ಸಂದೇಶ 3 ಬೈಟ್, ಸುಮಾರು 1 ಮಿಲಿಸೆಕೆಂಡ್. ಜೆವಿಗೆ ಒಂದು ಬೆಲೆ ಕಳಿಸುವ ಸಿಸೆಕ್ಸ್ 12 ಬೈಟ್, ಸುಮಾರು 4 ಮಿಲಿಸೆಕೆಂಡ್. ಒಂದು ನಾಬ್ ನಿಧಾನ ತಿರುಗಿಸಿದರೆ ಇದು ಗೊತ್ತೇ ಆಗುವುದಿಲ್ಲ. ಎರಡು ಮೂರು ನಾಬ್ ಒಟ್ಟಿಗೆ ಜೋರಾಗಿ ತಿರುಗಿಸಿದರೆ ಸಂದೇಶಗಳು ಸಾಲುಗಟ್ಟಿ ನಿಲ್ಲುತ್ತವೆ. ನಿಮ್ಮ ಕೀಬೋರ್ಡಿನ ನೋಟೂ ಅದೇ ಕೇಬಲ್‌ನಲ್ಲಿ ಬರುತ್ತಿದ್ದರೆ ಅದು ಆ ಸಾಲಿನ ಹಿಂದೆ ಕಾಯುತ್ತದೆ. ತಬಲಾ, ಪ್ಯಾಡ್ ಸರಿಯಾಗಿ ಬಿದ್ದು ನಿಮ್ಮ ಸ್ವರ ಮಾತ್ರ ಹಿಂದೆ ಬೀಳುತ್ತದೆ.

ಅದಕ್ಕೆ ನನ್ನ ಸಲಹೆ ಸಣ್ಣದು. ಸ್ಟೇಜ್‌ಗೆ ಐದಾರು ನಾಬ್ ಸಾಕು, ಅವೂ ಸಾಮಾನ್ಯ ಕಂಟ್ರೋಲರ್ ಸಂದೇಶಗಳೇ ಇರಲಿ. ವಾಲ್ಯೂಮ್‌ಗೆ 7, ಪ್ಯಾನ್‌ಗೆ 10 ಎಲ್ಲ ಕಡೆ ನಡೆಯುತ್ತವೆ. ಫಿಲ್ಟರ್‌ಗೆ ಜೆವಿಯ ಪ್ಯಾಚ್ (ಉಳಿಸಿಟ್ಟ ಒಂದು ಸೌಂಡ್) ಒಳಗೇ ದಾರಿ ಇದೆ. ಯಾವ ಕಂಟ್ರೋಲರ್ ಬಂದರೆ ಕಟಾಫ್ ಎಷ್ಟು ಬದಲಾಗಬೇಕು ಅಂತ ಪ್ಯಾಚ್‌ನಲ್ಲೇ ಬರೆಯಬಹುದು. ಒಂದು ಸಲ ಬರೆದು ಯೂಸರ್ ಜಾಗದಲ್ಲಿ ಉಳಿಸಿದರೆ ಆಯಿತು. ಇದರ ಕಷ್ಟ ಏನೆಂದರೆ ನೀವು ಬಳಸುವ ಪ್ರತಿ ಪ್ಯಾಚ್‌ಗೂ ಇದನ್ನು ಮಾಡಬೇಕು. ಹತ್ತು ಹನ್ನೆರಡು ಪ್ಯಾಚ್ ಇದ್ದರೆ ಒಂದು ಭಾನುವಾರದ ಕೆಲಸ. ಸಿಸೆಕ್ಸ್ ಪ್ರಿಸೆಟ್ಟನ್ನು ಮನೆಯಲ್ಲಿ ಹೊಸ ಸೌಂಡ್ ಮಾಡುವುದಕ್ಕೆ ಬೇರೆಯಾಗಿ ಇಟ್ಟುಕೊಳ್ಳಿ. ಅಲ್ಲಿ ತಡವಾದರೆ ಯಾರಿಗೂ ನಷ್ಟವಿಲ್ಲ. ಒಂದನ್ನು ಮಾತ್ರ ಮರೆಯಬೇಡಿ. ಜೆವಿಯಲ್ಲೂ ತಾತ್ಕಾಲಿಕ ಮತ್ತು ಕಾಯಂ ಅಂತ ಎರಡು ಪ್ರತಿ ಇವೆ. ನಾಬ್‌ನಿಂದ ಎಷ್ಟೇ ಚೆಂದದ ಸೌಂಡ್ ಮಾಡಿ, ರೈಟ್ ಬಟನ್‌ನಿಂದ ಉಳಿಸದೆ ಪ್ಯಾಚ್ ಬದಲಿಸಿದರೆ ಹೋಯಿತು.

ಲ್ಯಾಪ್‌ಟಾಪನ್ನೇ ಸ್ಟೇಜ್‌ಗೆ ಒಯ್ದು ಮಧ್ಯೆ ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಎಲ್ಲ ಪರದೆ ಮೇಲೆ ಕಾಣುತ್ತದೆ, ಹಾಡಿನ ಪ್ರಕಾರ ಬೆಲೆಗಳನ್ನು ಒಟ್ಟಿಗೆ ಕಳಿಸಬಹುದು, ದೀಪಗಳೂ ಸರಿಯಾಗಿರುತ್ತವೆ. ಆದರೆ ಒಂದು ಹಾಡಿನ ಮಧ್ಯೆ ಅದು ಅಪ್‌ಡೇಟ್‌ಗೆ ಹೊರಟರೆ, ಯಾರಾದರೂ ಕೇಬಲ್ ಎಡವಿದರೆ ನಿಮ್ಮ ಕೈ ಕಟ್ಟಿದ ಹಾಗೆ. ಒಬ್ಬರೇ ವೈರಿಂಗ್ ನೋಡಿಕೊಂಡು ನುಡಿಸುವ ನಿಮ್ಮಂಥವರಿಗೆ ನಾನು ಇದನ್ನು ಹೇಳುವುದಿಲ್ಲ.

ಹೊಸದು ಕೊಳ್ಳಬೇಕು ಅಂತಲೇ ಇದ್ದರೆ ಕೋರ್ಗ್ ನ್ಯಾನೋಕಂಟ್ರೋಲ್2 ತರಹದ ಪುಟ್ಟವು ಇವೆ. 8 ಫೇಡರ್, 8 ನಾಬ್, ಚೀಲದಲ್ಲಿ ಹಿಡಿಯುತ್ತದೆ, ಎಡಿಟರ್ ಸುಲಭ. ಆದರೆ ಅದಕ್ಕೆ ಐದು ಪಿನ್ನಿನ ಮಿಡಿ ಔಟ್ ಇಲ್ಲ. ನಿಮ್ಮ ಜೆವಿಗೆ ಜೋಡಿಸಲು ಮಧ್ಯೆ ಮತ್ತೊಂದು ಡಬ್ಬಿಯೋ ಲ್ಯಾಪ್‌ಟಾಪೋ ಬೇಕೇ ಬೇಕು.

ಪರದೆ ಮೇಲಿನ ಬಿಸಿಆರ್ ಬಗ್ಗೆ ನನಗೆ ಬೇಸರವಿಲ್ಲ, ಅದನ್ನು ದಿನಾ ಬಳಸುತ್ತೇನೆ. ಡಬ್ಬಿ ಮನೆಯಲ್ಲಿಟ್ಟು ಬಸ್ಸಿನಲ್ಲಿ ಕೂತು ಪ್ರಿಸೆಟ್ ಬರೆಯಬಹುದು. ಯಾವ ನಾಬ್ ಏನು ಕಳಿಸುತ್ತದೆ ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಹಾಗೆ ಬರೆದ ಪ್ರಿಸೆಟ್ಟನ್ನು ಬೆರಳಿಗೆ ಒಪ್ಪಿಸಿ ನೋಡದೆ ಸ್ಟೇಜ್‌ಗೆ ಒಯ್ಯಬೇಡಿ, ಅಷ್ಟೇ. ನಾಬ್ ಜೋರಾಗಿ ತಿರುಗಿಸಿದಾಗ ಬೆಲೆ ಎಷ್ಟು ಬೇಗ ಓಡುತ್ತದೆ ಅನ್ನುವುದು ಮೌಸ್‌ನಿಂದ ತಿಳಿಯುವುದಿಲ್ಲ.

ಈ ವಾರ ಹೀಗೆ ಮಾಡಿ ನೋಡಿ. ಬ್ಯಾಕಪ್ ತೆಗೆದುಕೊಳ್ಳಿ. ಒಂದೇ ಒಂದು ನಾಬ್‌ಗೆ 7ನೇ ಕಂಟ್ರೋಲರ್ ಹಾಕಿ ಡಬ್ಬಿಗೆ ಕಳಿಸಿ, ಸ್ಟೋರ್ ಮಾಡಿ. ಎಸ್ ಮೋಡ್‌ಗೆ ಬದಲಿಸಿ, ಯುಎಸ್‌ಬಿ ಕೇಬಲ್ ತೆಗೆದು, ಡಬ್ಬಿ ಆಫ್ ಮಾಡಿ ಆನ್ ಮಾಡಿ. ಆ ನಾಬ್ ಜೆವಿಯ ವಾಲ್ಯೂಮನ್ನು ಏರಿಸಿ ಇಳಿಸಿದರೆ ಉಳಿದದ್ದೆಲ್ಲ ಅದೇ ದಾರಿಯಲ್ಲಿ ಆಗುತ್ತದೆ. ಆಗದಿದ್ದರೆ ಗ್ಲೋಬಲ್ ಸೆಟಪ್‌ನಲ್ಲಿ ಕಾಣುವ ಮೋಡ್ ಯಾವುದು, ಎಡಿಟರ್‌ನಲ್ಲಿ ಯಾವ ಯಾವ ಪೋರ್ಟ್ ಹೆಸರು ಕಾಣುತ್ತವೆ, ಜೆವಿ ಯಾವ ಚಾನೆಲ್‌ನಲ್ಲಿದೆ — ಈ ಮೂರನ್ನು ಬರೆದು ಕಳಿಸಿ. ಅಷ್ಟು ಗೊತ್ತಾದರೆ ಎಲ್ಲಿ ತಪ್ಪಿದೆ ಅಂತ ಹೇಳಬಲ್ಲೆ.